ಗಡ್ಡೆಯ ಜಾತಿ

ಹೆಂಡತಿಯ ತಲೆಯಿಂದ ತೆಗೆದ ಗಡ್ಡೆಯ ಬಗ್ಗೆ ನವಿ ಮುಂಬಯಿಯ ಡಾಕ್ಟರು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಧಾನವಾಗಿ ಬೆಳೆಯುವ ಗಡ್ಡೆಯ ಹಾಗೆ ಕಾಣುತ್ತದೆ, ಸ್ಕ್ಯಾನ್ ನೋಡಿದರೆ ಹಾಗನ್ನಿಸುವುದಿಲ್ಲ, ಯಾವ ಟೈಪ್ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಆಗಬೇಕು. ಠಾಕುರ್ಲಿಯ ಮನೆಗೆ ಬಂದು ಅತ್ತೆಗೆ ಇದನ್ನು ಕನ್ನಡದಲ್ಲಿ ಹೇಳುವಾಗ ನಾನು ಟೈಪ್ ಎನ್ನುವ ಬದಲು ಜಾತಿ ಎಂದುಬಿಟ್ಟೆ. ಅಲ್ಲಿಗೆ ಮುಗಿಯಿತು.

“ಎಂತ ಮಾರಾಯ್ರೆ,” ಎಂದರು ಅತ್ತೆ. “ಜಾತಿ ಕೇಳದೆ ಮದುವೆ ಆದವರು ನೀವು. ಈಗ ಗಡ್ಡೆಯ ಜಾತಿ ಕೇಳ್ಲಿಕ್ಕೆ ಹೊರಟಿದ್ದೀರಾ?”

ನಾನು ಧಾರವಾಡದ ಕಡೆಯವನು, ಅವರ ಮಗಳು ಉಡುಪಿಯ ಕಡೆಯವಳು. ಮದುವೆಯಾದ ಮೇಲೆ ಬಹಳ ಕಾಲ ಅತ್ತೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಈಗ ಮಗಳ ಆಪರೇಷನ್ನಿಗೆಂದು ಬಂದಿದ್ದರು, ಬಂದಾಗಿನಿಂದ ನನ್ನ ಮೇಲೆ ರೇಗುತ್ತಿದ್ದರು. ತಿರುಗಿ ರೇಗುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಪರೀಕ್ಷೆಯ ಹೆಸರು ಮೆಥಿಲೇಶನ್. ಡಿಎನ್‌ಎ ಮೇಲೆ ಅಲ್ಲಲ್ಲಿ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಂಡಿರುತ್ತವಂತೆ. ಒಂದೊಂದು ಜಾತಿಯ ಗಡ್ಡೆಯಲ್ಲಿ ಅವು ಕೂತಿರುವ ರೀತಿಯೇ ಬೇರೆ. ಅದನ್ನು ಓದಿ, ಮೊದಲೇ ಗೊತ್ತಿರುವ ಗಡ್ಡೆಗಳ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿ, ಇದು ಇಂಥದ್ದು ಎಂದು ಹೇಳುತ್ತಾರೆ. ನಿಧಾನದ್ದಾದರೆ ನಮಗೆ ವರ್ಷಗಳು ಸಿಗುತ್ತಿದ್ದವು. ಇನ್ನೊಂದಾದರೆ ಇಲ್ಲ. ಅಷ್ಟಕ್ಕಾಗಿ ನಾನು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ನಿಂತುಕೊಂಡೇ ಆಸ್ಪತ್ರೆಯವರೆಗೆ ಹೋಗಿ, “ಅಜೂನ್ ಆಲಾ ನಾಹೀ,” ಇನ್ನೂ ಬಂದಿಲ್ಲ, ಎಂದು ಕೇಳಿಸಿಕೊಂಡು ಮರಳುತ್ತಿದ್ದೆ. ಫೋನಿನಲ್ಲೇ ವಿಚಾರಿಸಬಹುದಿತ್ತು. ಆದರೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಬಾಗಿಲು ತೆಗೆಯುತ್ತಲೇ ಅತ್ತೆ ದೊಡ್ಡ ದನಿಯಲ್ಲಿ ಕೇಳುತ್ತಿದ್ದರು, “ಜಾತಿ ಗೊತ್ತಾಯ್ತಾ?” ಎದುರು ಮನೆಯ ಕನ್ನಡದವರು ನಮ್ಮ ಬಗ್ಗೆ ಏನೆಂದುಕೊಂಡರೋ ಏನೋ.

ಮನೆಯಲ್ಲಿ ಕೂರಲಾಗದಿದ್ದುದಕ್ಕೆ ಕಾರಣವಿತ್ತು. ಆಪರೇಷನ್ ಆದ ಮೇಲೆ ಹೆಂಡತಿಯ ಬಾಯಿಂದ ಕನ್ನಡ ಹೊರಡುತ್ತಿರಲಿಲ್ಲ. ಹಿಂದಿ, ಮರಾಠಿಯೂ ಹೋಗಿದ್ದವು. ಉಳಿದದ್ದು ತುಳು ಒಂದೇ. ಗಡ್ಡೆ ಮಾತಿನ ಜಾಗಕ್ಕೆ ಒತ್ತಿಕೊಂಡೇ ಇತ್ತು, ಹೀಗಾಗುವುದುಂಟು, ಮೆಲ್ಲಗೆ ಮರಳಬಹುದು ಎಂದಿದ್ದರು ಡಾಕ್ಟರು. ನಾನು ಹೇಳಿದ್ದು ಅವಳಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ತಾಯಿ ಮಗಳು ತುಳುವಿನಲ್ಲಿ ಮಾತಾಡುವಾಗ ನಾನು ಯಾರದೋ ಮನೆಗೆ ಬಂದವನ ಹಾಗೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಅತ್ತೆಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಗೊಮ್ಮೆ ವರದಿ ಬಂತು. ಅಡುಗೆಮನೆಯಲ್ಲಿ ಗಂಜಿಗಿಟ್ಟಿದ್ದ ಅತ್ತೆಯ ಹತ್ತಿರ ಹೋಗಿ, “ಭಾಳ ಜೋರ್ ಬೆಳಿಯೋ ಜಾತಿ ಅಂತ್ರೀ,” ಎಂದೆ. ಅವರು ಗ್ಯಾಸ್ ಆರಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಮೊದಲ ಬಾರಿ ನನ್ನ ಮೇಲೆ ರೇಗಲಿಲ್ಲ.

“ನೀವು ಅವಳಿಗೆ ಹೇಳ್ಬೇಡಿ,” ಎಂದರು. “ನಾನು ಹೇಳ್ತೇನೆ.”

ಮಂಚದ ಅಂಚಿನಲ್ಲಿ ಕೂತು ಮಗಳ ಕೈ ಸವರುತ್ತಾ ಏನೇನೋ ಹೇಳಿದರು. “ಎಡ್ಡೆ ಜಾತಿ” ಎಂಬುದು ನಡುನಡುವೆ ಕೇಳಿಸಿತು. ಎಡ್ಡೆ ಎಂದರೆ ಒಳ್ಳೆಯದು ಎನ್ನುವಷ್ಟು ತುಳು ನನಗೂ ಬರುತ್ತಿತ್ತು. ಸದ್ಯ, ಈ ಸುಳ್ಳು ನಾನು ಹೇಳಬೇಕಾಗಲಿಲ್ಲವಲ್ಲ ಎಂದು ಸಮಾಧಾನವಾಯಿತು. ಹೆಂಡತಿ ತಾಯಿಯ ಕಡೆ ನೋಡಿ ನಕ್ಕಳು. “ಎಡ್ಡೆ ಆಂಡ್,” ಒಳ್ಳೆಯದಾಯಿತು, ಎಂದಳು.

ಅತ್ತೆ ಗಂಜಿ ತರಲು ಒಳಗೆ ಹೋದರು. ಅವರು ಅತ್ತ ಹೋದದ್ದನ್ನು ನೋಡಿಕೊಂಡು ಅವಳು ನನ್ನ ಮುಂಗೈ ಹಿಡಿದಳು. ತುಟಿ ಆಡಿಸಿದಳು, ನಿಲ್ಲಿಸಿದಳು, ಮತ್ತೆ ಆಡಿಸಿದಳು. ನೀರು ಬೇಕೇನೋ ಎಂದು ನಾನು ಬಗ್ಗಿದೆ.

“ಎಷ್ಟು ದಿನ?” ಎಂದಳು.

ಆಪರೇಷನ್ ಆದ ಮೇಲೆ ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು.