ಬಾಳೆದಿಂಡಿನ ರಸ ಮತ್ತು ಒಂದು ರಿಸೆಪ್ಟರ್

ಮೊನ್ನೆ ಶಿರಸಿಯ ಲ್ಯಾಬೊಂದರಲ್ಲಿ ಸುಳ್ಳು ಹೇಳಿ ಬಂದೆ. ಅದೇನೆಂದು ಹೇಳುವ ಮೊದಲು ಸುಬ್ರಾಯ ಭಾವನ ಸುಳ್ಳನ್ನು ಹೇಳಬೇಕು.

ಸುಬ್ರಾಯ ನನ್ನ ಹೆಂಡತಿಯ ಅಣ್ಣ. ಕಾನಸೂರಿನಲ್ಲಿ ಕಿರಾಣಿ ಅಂಗಡಿ. ಎರಡು ವರ್ಷದ ಹಿಂದೆ ಅರ್ಧ ತಾಸಿಗೊಮ್ಮೆ ಅಂಗಡಿಯ ಹಿಂದೆ ಓಡತೊಡಗಿದ. ನಿಂತರೆ ಮೂತ್ರ ಬರುವುದಿಲ್ಲ, ಬಂದರೆ ಉರಿ. ಕೇಳಿದವರಿಗೆಲ್ಲ ‘ಕಿಡ್ನಿ ಸ್ಟೋನು’ ಎಂದ. (ಪರೀಕ್ಷೆ ಮಾಡಿಸಿದ್ದನೇ? ಎಲ್ಲಿಯ ಮಾತು!) ಬಾಳೆದಿಂಡಿನ ರಸ ಕುಡಿ ಎಂದು ಬುದ್ಧಿ ಹೇಳಿದವನು ನಾನೇ. ಅವನ ಹೆಂಡತಿ ಸಾವಿತ್ರಿ ಎಂಟು ತಿಂಗಳು ದಿನಾ ಬೆಳಿಗ್ಗೆ ದಿಂಡು ಅರೆದು, ಹಿಂಡಿ, ಲೋಟ ಕೈಗಿಟ್ಟಳು.

ಆಮೇಲೆ ಸೊಂಟ ನೋಯತೊಡಗಿತು. ಹುಬ್ಬಳ್ಳಿಗೆ ಕರೆದೊಯ್ದೆವು. ಪ್ರಾಸ್ಟೇಟ್ ಕ್ಯಾನ್ಸರ್. ಆಗಲೇ ಎಲುಬಿಗೆ ಹಬ್ಬಿತ್ತು. ಹಾರ್ಮೋನ್ ಇಂಜೆಕ್ಷನ್, ಕೀಮೋ, ಎರಡೂ ಕೆಲವು ತಿಂಗಳು ತಡೆದು ಕೈಕೊಟ್ಟವು.

ಹೋದ ವಾರ ಕೊನೆಯ ಆಸೆಯ ಸ್ಕ್ಯಾನ್. ಡಾಕ್ಟರು ಸಮಾಧಾನವಾಗಿ ಹೇಳಿದರು: “ನೋಡ್ರಿ, ಕ್ಯಾನ್ಸರ್ ಜೀವಕೋಶದ ಮೈಮ್ಯಾಲೆ ರಿಸೆಪ್ಟರ್ ಅಂತ ಇರ್ತಾವ. ಹೊರಗಿನ ಸಂದೇಶ ಹಿಡಿಯೋವು ಅವ. ಬೆಳಿ ಅಂದ್ರ ಕೋಶ ಬೆಳೀತೈತಿ, ಎಲುಬಿಗೆ ಹೋಗು ಅಂದ್ರ ಹೋಗ್ತೈತಿ. ಅಂಥಾದ್ದೊಂದನ್ನ ಹಿಡಕೊಂಡು ಹೊಡಿಯೋ ಔಷಧ ಈಗ ಐತ್ರಿ. ಆದ್ರ ಇವರ ಕೋಶದ ಮ್ಯಾಲೆ ಅದು ಕಾಣವಲ್ದು.”

ಮೊದಲೇ ಬಂದಿದ್ದರೆ? ಕೇಳಿದೆ. ಇಲ್ಲಿಯವರೆಗೆ ಬರುವುದೇ ಬೇಕಿರಲಿಲ್ಲವೇನೋ ಎಂದರು.

ಬರುವಾಗ ಕಿರವತ್ತಿಯಲ್ಲಿ ಚಹಾಕ್ಕೆ ನಿಂತೆವು. ಸಾವಿತ್ರಿ ಲೋಟ ಮುಟ್ಟಲಿಲ್ಲ.

“ಎನ್ನತ್ರಾದ್ರೂ ಹೇಳಲಾಗಿತ್ತಲ್ಲ? ಆನು ಎಂಟು ತಿಂಗ್ಳು ದಿಂಡು ಅರೆದಿದ್ದು ಎಂತಕ್ಕೆ?”

ಭಾವ ರಸ್ತೆ ನೋಡುತ್ತ ಹೇಳಿದ: “ಕಲ್ಲು ಅಂದ್ರೆ ಎಲ್ಲರೂ ಮದ್ದು ಹೇಳ್ತ. ಅಲ್ಲಿಂದು ಅಂದ್ರೆ ನಗ್ತ.”

ನನಗೆ ಸಿಟ್ಟು ಬಂತು. ಕಣ್ಣಿಗೆ ಕಾಣದ ಕೋಶಕ್ಕೂ ಹೊರಗಿನ ಮಾತು ತಲುಪುತ್ತದೆ. ಒಂದೇ ಚಾಪೆಯ ಮೇಲೆ ಮಲಗುವ ಗಂಡ ಹೆಂಡತಿಗೆ ತಲುಪುವುದಿಲ್ಲವೇ? ಮರ್ಯಾದೆಯಂತೆ ಮರ್ಯಾದೆ!

ಅದೇ ಸಿಟ್ಟಿನಲ್ಲಿ ಮರುದಿನ ಪ್ರಾಸ್ಟೇಟಿನ ರಕ್ತಪರೀಕ್ಷೆಗೆಂದು ಲ್ಯಾಬಿಗೆ ಹೋದೆ. ನನಗೂ ಐವತ್ತೆಂಟು. ರಾತ್ರಿ ಮೂರು ಸಲ ಏಳುತ್ತೇನೆ. (ಹೆಂಡತಿಗೆ ಸೆಕೆ ಎಂದಿದ್ದೇನೆ.) ಬೆಂಚಿನ ಮೇಲೆ ಎಕ್ಕಂಬಿಯ ಪರಿಚಯದವರಿಬ್ಬರು. ಕೌಂಟರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ.

“ಸರ್, ಎಂತ ಟೆಸ್ಟು?” ಜೋರಾಗಿಯೇ ಕೇಳಿದಳು.

ರಿಪೋರ್ಟ್ ಬಂದಿದೆ. ಶುಗರ್ ನಾರ್ಮಲ್.