ದೋಣಿಯಲ್ಲಿ ತಂಗಿಯ ಜಾಗ

ರಾಫ್ಟಿಂಗ್‌ಗೆ ಹೋಗೋಣ ಎಂದು ಮೊದಲು ಹೊರಟವಳೇ ನನ್ನ ತಂಗಿ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಬ್ಬಿಗೆ ಫೋನ್ ಒರಗಿಸಿ ನಮಗೆಲ್ಲ ಒಂದು ವಿಡಿಯೊ ತೋರಿಸಿದಳು. ಕೊಡಗಿನ ಬೆಟ್ಟಗಳ ನಡುವೆ ಮಳೆಗಾಲದ ಹೊಳೆ, ಬಂಡೆಗಳ ಮೇಲೆ ಬಿಳಿ ನೊರೆ, ರಬ್ಬರ್ ದೋಣಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಬಾಯಿ ತೆರೆದು ಕಿರುಚುತ್ತಿರುವ ಜನ. ಅನ್ನದ ಚಮಚ ಹಿಡಿದು ಹುಟ್ಟು ಹಾಕುವ ಹಾಗೆ ಮಾಡಿದಳು. ಆಮೇಲೆ ಒಬ್ಬೊಬ್ಬರನ್ನೇ ಬೆರಳು ತೋರಿಸಿ ಎಣಿಸುತ್ತಾ ಬಂದು ಕೊನೆಗೆ ತನ್ನ ಎದೆ ತಟ್ಟಿಕೊಂಡಳು. ಎಂಟು ಜನ.

ನಾವಿಬ್ಬರೂ ತುಮಕೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇವೆ. ಅವಳು ಹೊಲಿಯುತ್ತಾಳೆ, ನಾನು ಅದೇ ಲೈನಿನ ಕೊನೆಯಲ್ಲಿ ಚೆಕ್ಕಿಂಗ್. ಮನೆ ನಾಗಸಂದ್ರದಲ್ಲಿ, ಮೂರನೆಯ ಮಹಡಿಯ ಒಂದೇ ಕೋಣೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಹತ್ತರವರೆಗೆ ಓದಿದಳು. ಫೋನಿನಲ್ಲಿ ಅವಳು ಟೈಪ್ ಮಾಡುವ ವೇಗಕ್ಕೆ ನನ್ನ ಕಣ್ಣು ಓಡುವುದಿಲ್ಲ.

ಹೊಲಿಗೆ ಮೆಷಿನ್‌ಗಳ ಸದ್ದಿನಲ್ಲಿ ನಮ್ಮ ಲೈನಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ತಂಗಿಯ ಕೈಸನ್ನೆಗಳನ್ನೇ ಎಲ್ಲರೂ ಕಲಿತಿದ್ದರು. ದಾರ ಮುಗಿಯಿತು, ನೀರು ಕೊಡು, ಹೊಟ್ಟೆನೋವು, ಎಲ್ಲಕ್ಕೂ ಒಂದೊಂದು ಸನ್ನೆ. ಸೂಪರ್‌ವೈಸರ್ ಬಂದರು ಎನ್ನುವುದಕ್ಕೆ ಮೀಸೆ ತಿರುವುವುದು. ಈಗಿರುವ ಸೂಪರ್‌ವೈಸರ್ ಹೆಂಗಸು. ಆದರೂ ಮೀಸೆಯೇ ನಡೆದುಕೊಂಡು ಬಂದಿದೆ.

ಗುಂಡಿಯ ತೂತು ಹೊಲಿಯುವ ಕಾಜಾ ಮೆಷಿನ್ ನೋಡಿಕೊಳ್ಳುವ ಅಕ್ಕ ಒಬ್ಬರಿದ್ದಾರೆ, ನಮ್ಮೆಲ್ಲರಿಗಿಂತ ದೊಡ್ಡವರು. ಅವರೇ ಮೊದಲು ಒಪ್ಪಿದ್ದು.

"ಗಂಡನ ಮನೇಲಿ ಇಷ್ಟ್ ವರ್ಷ ಈಜಿದೀನಿ, ಹೊಳೆ ಯಾವ ಲೆಕ್ಕ ಬಿಡ್ರೇ," ಎಂದರು.

ಆಗಸ್ಟ್ ಹದಿನೈದರ ರಜೆ ಆ ಸಲ ಭಾನುವಾರದ ಪಕ್ಕಕ್ಕೇ ಬಂದಿತ್ತು. ಗೊರಗುಂಟೆಪಾಳ್ಯದಿಂದ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವುದು ಎಂದಾಯಿತು. ತಂಗಿ ಎಲ್ಲದರಲ್ಲೂ ಮುಂದು. ತೂಕದ ಲೆಕ್ಕದಲ್ಲಿ ಚೂರು ಬಟ್ಟೆ ಮಾರುವ ಅಂಗಡಿಯಿಂದ ರೇನ್‌ಕೋಟಿನ ಬಟ್ಟೆ ತಂದು, ಫೋನ್ ಇಟ್ಟು ಕುತ್ತಿಗೆಗೆ ಹಾಕಿಕೊಳ್ಳುವಂಥ ಎಂಟು ಚೀಲ ಹೊಲಿದಳು. ತನ್ನದು ಹಳದಿ. ಬಕೆಟ್ ನೀರಿನಲ್ಲಿ ಮುಳುಗಿಸಿ, ಒಳಗೆ ಇಟ್ಟ ಕಾಗದ ಒದ್ದೆಯಾಗಿದೆಯೋ ಇಲ್ಲವೋ ನೋಡಿ, ಒದ್ದೆಯಾದದ್ದನ್ನು ಬಿಚ್ಚಿ ಮತ್ತೆ ಹೊಲಿದಳು.

ದೋಣಿಯವನಿಗೆ ಫೋನ್ ಮಾಡುವುದು ಮಾತ್ರ ನನ್ನ ಕೆಲಸ. ಫೋನ್ ಯಾವತ್ತೂ ನನ್ನ ಕೆಲಸವೇ. ಅಮ್ಮ ಇದ್ದಾಗಲೇ ಹೇಳಿಬಿಟ್ಟಿದ್ದಳು, ಅವಳ ಬಾಯಿ ನೀನೇ ಎಂದು. ಬ್ಯಾಂಕು, ಗ್ಯಾಸು, ಡಾಕ್ಟರು, ಮನೆ ಮಾಲೀಕರು, ಎಲ್ಲರ ಹತ್ತಿರವೂ ಅವಳ ಪರವಾಗಿ ನಾನು. ಅದಕ್ಕೆ ಒಂದು ಕ್ರಮವಿತ್ತು. ಅವಳು ನನ್ನ ಎದುರಿಗೆ ಮಂಚದ ಮೇಲೆ ಕೂರುತ್ತಾಳೆ. ನಾನು ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಾ, ಆ ಕಡೆಯವರು ಹೇಳಿದ್ದನ್ನು ಇನ್ನೊಂದು ಕೈಯಲ್ಲಿ ಅವಳಿಗೆ ಹೇಳುತ್ತೇನೆ. ಅವಳು ನನ್ನ ತುಟಿಯನ್ನೂ ಕೈಯನ್ನೂ ನೋಡುತ್ತಿರುತ್ತಾಳೆ.

ಅವತ್ತೂ ಬಂದು ಎದುರಿಗೆ ಕುಳಿತಳು. ನಾನು ನಂಬರ್ ಒತ್ತಿ, ಒಳಗೆ ಸಿಗ್ನಲ್ ಇಲ್ಲ ಎಂದು ಸನ್ನೆ ಮಾಡಿ ಮೆಟ್ಟಿಲಿಗೆ ಹೋದೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ದೋಣಿಯವನು ಒಳ್ಳೆಯ ಮಾತಿನವನು. "ಹಾರ್ಟ್ ಪ್ರಾಬ್ಲಮ್ಮು, ಪ್ರೆಗ್ನೆನ್ಸಿ, ಈಚೆಗೆ ಆಪರೇಷನ್ನು ಅಂಥದ್ದೇನಾದ್ರೂ ಇದ್ರೆ ಮೊದ್ಲೇ ಹೇಳ್ಬಿಡಿ ಮೇಡಂ," ಎಂದ. ಇಲ್ಲ ಎಂದೆ. "ಮತ್ತೆ ಬೇರೆ ಯಾರ್ ಬಗ್ಗೆನಾದ್ರೂ ಹೇಳೋದಿದ್ರೆ ಹೇಳಿ."

ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಮೆಟ್ಟಿಲ ಮೇಲೆ ಪಕ್ಕದ ಮನೆಯವರು ಒಣಗಲು ಹಾಕಿದ್ದ ಬೆಡ್‌ಶೀಟಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದೆ. "ಏನಿಲ್ಲ ಸಾರ್. ಏಳು ಜನ ಬರ್ತೀವಿ," ಎಂದೆ.

ಒಳಗೆ ಬಂದು ತಂಗಿಗೆ ತಿಳಿಸಿದೆ. ಕಿವಿ ಕೇಳಿಸದವರು ಬೇಡವಂತೆ. ದೋಣಿಯಲ್ಲಿ ಅವರು ಕೂಗಿ ಹೇಳುತ್ತಾರಂತೆ, ಕೇಳಿಸದಿದ್ದರೆ ಎಲ್ಲರಿಗೂ ಅಪಾಯವಂತೆ. ಎರಡು ಸಲ ಕೇಳಿದೆ, ಆಗುವುದೇ ಇಲ್ಲ ಎಂದರು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸರಿ ಎಂದು ತಲೆಯಾಡಿಸಿ ಎದ್ದು ಹೋಗಿ ಅಕ್ಕಿ ತೊಳೆದಳು.

ಭಯಕ್ಕೆ ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು. ಓದುವವರಿಗೂ ಅದೇ ಚೆನ್ನ. ಆದರೆ ನನಗೆ ಭಯವಿರಲಿಲ್ಲ. ನನಗೆ ಸಾಕಾಗಿತ್ತು, ಅಷ್ಟೇ. ನಾಲ್ಕು ಜನ ಸೇರಿ ನಕ್ಕರೆ ಏನು ಜೋಕು ಎಂದು ಅವಳು ನನ್ನ ಮೊಣಕೈ ಎಳೆಯುತ್ತಾಳೆ. ನಾನು ನಗುವುದನ್ನು ನಿಲ್ಲಿಸಿ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿರುತ್ತಾರೆ. ಒಂದೇ ಒಂದು ಸಲ, ಎರಡು ದಿನ, ಯಾರ ಬಾಯಿಯೂ ಆಗದೆ ಗಾಡಿಯ ಕಿಟಕಿಯ ಪಕ್ಕ ಕೂತು ಹೋಗಬೇಕು ಅನ್ನಿಸಿತ್ತು. ಅದಕ್ಕೆ ಅವಳು ಕಂಡ ಕನಸನ್ನೇ ಕಿತ್ತುಕೊಂಡೆ. ಅದೂ ಮುಖ ಕಾಣದ ದೋಣಿಯವನ ಮೇಲೆ ಹಾಕಿ.

ಮರುದಿನ ಕಾಜಾ ಅಕ್ಕ, "ನಂಬರ್ ಕೊಡೇ ಇಲ್ಲಿ, ನಾನ್ ಕೇಳ್ತೀನಿ. ನನ್ ಬಾಯಿಗೆ ಹೆದ್ರಿ ಒಪ್ಕೋತಾನೆ," ಎಂದರು.

"ಬೇಡಕ್ಕ, ರೂಲ್ಸ್ ಅಂತೆ. ಸುಮ್ನೆ ಅವಳಿಗೂ ಆಸೆ ಹುಟ್ಸೋದು ಯಾಕೆ."

ಹೊರಡುವ ದಿನ ತಂಗಿಯೇ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಏಳು ಚೀಲಗಳನ್ನು ಹಂಚಿದಳು. ಹಳದಿ ಚೀಲವನ್ನು ಮೊಳೆಗೆ ನೇತುಹಾಕಿದಳು.

ದಾರಿಯುದ್ದಕ್ಕೂ ನಾನು ಕಿಟಕಿಯ ಪಕ್ಕವೇ ಕೂತಿದ್ದೆ. ಎಲ್ಲರೂ ನಕ್ಕಾಗ ನಗುತ್ತಿದ್ದೆ. ನಕ್ಕ ಮೇಲೆ ಮೊಣಕೈ ಮಾತ್ರ ತಾನಾಗಿಯೇ ಪಕ್ಕಕ್ಕೆ ಹೋಗುತ್ತಿತ್ತು.

ಹೊಳೆಯ ದಂಡೆಯಲ್ಲಿ ಸಣ್ಣಗೆ ಮಳೆ. ದೋಣಿಯವನು ನಮಗೆ ಹೆಲ್ಮೆಟ್, ಜಾಕೆಟ್ ಕಟ್ಟಿಸಿ, ಮರಳಿನ ಮೇಲೆ ಸಾಲಾಗಿ ಕೂರಿಸಿದ.

"ನೋಡ್ರಮ್ಮಾ, ನಾನ್ ಹಿಂದೆ ಕೂತಿರ್ತೀನಿ. ನೀರು ಜೋರಾಗಿರೋ ಕಡೆ ನಾನ್ ಎಷ್ಟ್ ಕೂಗಿದ್ರೂ ನಿಮಗೆ ಕೇಳ್ಸಲ್ಲ. ಅದಕ್ಕೇ ಕಿವಿ ನಂಬ್ಕೋಬೇಡಿ. ಮುಂದೆ ಚಿಕ್ಕ ದೋಣೀಲಿ ನಮ್ ಹುಡುಗ ಹೋಗ್ತಿರ್ತಾನೆ, ಅವನ ಕೈ ನೋಡಿ. ಮುಷ್ಟಿ ಎತ್ತಿದ್ರೆ ನಿಲ್ಸಿ. ಕೈ ಮುಂದಕ್ಕೆ ತಳ್ಳಿದ್ರೆ ಹುಟ್ಟು ಹಾಕಿ. ಕೆಳಗೆ ಕೂರ್ಬೇಕಾದ್ರೆ ನಾನು ಹಿಂದಿನವ್ರ ಬೆನ್ನು ತಟ್ತೀನಿ, ಅವ್ರು ಮುಂದಿನವ್ರದ್ದು ತಟ್ಲಿ."

ಬೆನ್ನು ತಟ್ಟುವುದು. ನಮ್ಮ ಮನೆಯಲ್ಲಿ ತಂಗಿಯನ್ನು ಕರೆಯುವುದೇ ಹಾಗೆ.

ಕಾಜಾ ಅಕ್ಕ ಜೋರಾಗಿ ನಕ್ಕರು. "ಅಯ್ಯೋ, ಇದು ನಮ್ ಲೈನಿನ ಭಾಷೆನೇ ಅಲ್ವೇನ್ರೇ! ಏನಪ್ಪಾ, ಇಷ್ಟೆಲ್ಲಾ ಸನ್ನೆ ಇಟ್ಕೊಂಡು ನಮ್ ಹುಡ್ಗೀನ ಯಾಕ್ ಬೇಡ ಅಂದೆ ನೀನು? ಕಿವಿ ಕೇಳ್ಸಲ್ಲ ಅಂತ?"

"ಯಾವ ಹುಡ್ಗಿ ಅಕ್ಕ?"

"ಇವಳ ತಂಗಿ. ಇವಳು ಎರಡ್ ಸಲ ಕೇಳಿದ್ಲಂತೆ, ನೀನು ಆಗಲ್ಲ ಅಂದ್ಯಂತೆ."

ಅವನು ನನ್ನ ಕಡೆ ನೋಡಿದ. ನಾನು ಹೆಲ್ಮೆಟಿನ ಪಟ್ಟಿಯನ್ನು ಮತ್ತೆ ಬಿಗಿ ಮಾಡಿಕೊಳ್ಳುತ್ತಿದ್ದೆ.

"ನನ್ನನ್ನ ಯಾರೂ ಕೇಳ್ಲಿಲ್ವಲ್ಲಮ್ಮ," ಎಂದ. ಅವನ ದನಿಯಲ್ಲಿ ಕೋಪವೇನೂ ಇರಲಿಲ್ಲ. "ಕೇಳಿದ್ರೆ ಕರ್ಕೊಂಡ್ ಬನ್ನಿ ಅಂತಿದ್ದೆ. ಮುಂಚೆ ಬಂದಿದ್ರು ಅಂಥವ್ರು. ಮುಂದಿನ ಸಾಲಲ್ಲಿ ಕೂರಿಸ್ತೀನಿ."

ಕಾಜಾ ಅಕ್ಕ ನನ್ನನ್ನೇ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಅವರು ಬಾಯಿಯಿಂದ ಮಾತಾಡಲಿಲ್ಲ. ಎಲ್ಲರ ಎದುರಿಗೆ ತಂಗಿಯ ಸನ್ನೆಯಲ್ಲೇ ಒಂದು ಪ್ರಶ್ನೆ ಕೇಳಿದರು. ಬೆರಳುಗಳನ್ನು ಬಿಡಿಸಿ ಕೈ ಮೇಲೆ ಮಾಡುವುದು. ಯಾಕೆ?

ದೋಣಿಯಲ್ಲಿ ಒಂದು ಬದಿಗೆ ನಾಲ್ಕು ಜನ, ನನ್ನ ಬದಿಗೆ ಮೂರು. ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ. "ಈ ಕಡೆ ಒಬ್ರು ಕಮ್ಮಿ, ದೋಣಿ ಈ ಕಡೆಗೇ ಎಳೆಯುತ್ತೆ, ನೀವು ಜಾಸ್ತಿ ಹಾಕ್ಬೇಕು ಮೇಡಂ," ಎಂದು ಅವನು ನನಗೆ ಹೇಳಿದ. ಎಳೆಯಿತು. ಮೊದಲ ಇಳಿಜಾರಿನಲ್ಲೇ ನೀರಿನ ಅಬ್ಬರ ಕಿವಿ ತುಂಬಿತು. ಪಕ್ಕದಲ್ಲೇ ಕಿರುಚುತ್ತಿದ್ದವಳ ಬಾಯಿ ಕಾಣುತ್ತಿತ್ತು, ದನಿಯಿಲ್ಲ. ಬೆನ್ನ ಮೇಲೆ ಏಟು ಬಿತ್ತು. ನಾನು ಮುಂದಿನವಳ ಬೆನ್ನು ತಟ್ಟಿ ಕೆಳಗೆ ಕುಸಿದೆ. ಮೂಗು, ಬಾಯಿಗೆಲ್ಲ ನೀರು. ತಲೆಯೆತ್ತಿದಾಗ ದೂರದಲ್ಲಿ ಆ ಹುಡುಗನ ಕೈಯೊಂದೇ ಕಾಣುತ್ತಿತ್ತು. ಎಲ್ಲರಿಗಿಂತ ಮೊದಲು ಆ ಕೈಯನ್ನು ಓದುವವಳು ಮನೆಯಲ್ಲಿ ಕೂತಿದ್ದಳು. ತೋಳು ಬಿದ್ದುಹೋಗುವ ಹಾಗೆ ಹುಟ್ಟು ಹಾಕಿದೆ. ಆದರೂ ಕೊನೆಯವರೆಗೆ ದೋಣಿ ಓರೆಯಾಗಿಯೇ ಹೋಯಿತು.

ಮನೆಗೆ ಬಂದಾಗ ಸಂಜೆ. ತಂಗಿ ಬಾಗಿಲಲ್ಲೇ ನಿಂತು ಚಮಚದ ಹುಟ್ಟು ಹಾಕಿ, ಹೇಗಿತ್ತು ಎಂದು ಕೇಳಿದಳು. ನನ್ನ ಒದ್ದೆ ಬಟ್ಟೆಯ ಚೀಲ ಕಿತ್ತುಕೊಂಡು ಬಕೆಟ್‌ಗೆ ಸುರಿದಳು. ಬೇರೆಯವರ ಕೈಯಿಂದ ಗೊತ್ತಾಗುವ ಮೊದಲು ನಾನೇ ಹೇಳಬೇಕೆಂದು ಅವಳನ್ನು ಮಂಚದ ಮೇಲೆ ಕೂರಿಸಿದೆ. ಎದುರಿಗೆ ನಾನು ಕುಳಿತೆ. ಅವನನ್ನು ನಾನು ಕೇಳಲೇ ಇಲ್ಲ ಎಂದೆ. ಮೆಟ್ಟಿಲಿನ ವಿಷಯ ಹೇಳಿದೆ. ಅವನು ಕರೆದುಕೊಂಡು ಬನ್ನಿ ಎನ್ನುತ್ತಿದ್ದ ಎಂದೂ ಹೇಳಿದೆ.

ಯಾಕೆ ಎಂದಳು. ಅದೇ ಬಿಡಿಸಿದ ಬೆರಳುಗಳು.

ನನಗೆ ಸಾಕಾಗಿತ್ತು ಎಂದು ತೋರಿಸಿದೆ. ನಿನ್ನ ಬಾಯಿಯಾಗಿ ಸಾಕಾಗಿತ್ತು. ಅಷ್ಟರ ಮೇಲೆ ಇನ್ನೂ ಏನೋ ಹೇಳಲು ಕೈ ಎತ್ತಿದೆ, ತಪ್ಪಾಯಿತು ಎಂದೋ ಏನೋ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿದಳು. ಅವಳು ಕಣ್ಣು ಮುಚ್ಚಿದರೆ ನನ್ನ ಮಾತೆಲ್ಲ ಮುಗಿದ ಹಾಗೆ. ಅವಳ ಎದುರಿಗೆ ಕೈ ಎತ್ತಿಕೊಂಡು ಕೂತೇ ಇದ್ದೆ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ಒರೆಸಲು ಹೋದ ನನ್ನ ಕೈಯನ್ನು ನೋಡದೆಯೇ ತಳ್ಳಿದಳು.

ಅಲ್ಲಿಂದ ಮುಂದೆ ಅವಳು ನನ್ನ ಕೈಯಲ್ಲಿ ಒಂದು ಫೋನನ್ನೂ ಮಾಡಿಸಿಲ್ಲ. ಗ್ಯಾಸ್ ಬೇಕಾದರೆ ಕೆಳಗಿನ ಮನೆಯ ಆಂಟಿ, ಬ್ಯಾಂಕಿಗೆ ಕಾಜಾ ಅಕ್ಕ. ಉಳಿದದ್ದಕ್ಕೆಲ್ಲ ತಾನೇ ಮೆಸೇಜ್. ಜೊತೆಗೇ ಅಡುಗೆ ಮಾಡುತ್ತೇವೆ, ಜೊತೆಗೇ ಮೆಟ್ರೊ ಹತ್ತುತ್ತೇವೆ. ಯಾರಾದರೂ ನಕ್ಕಾಗ ಅವಳು ಎಳೆಯುವುದು ಬೇರೆಯವರ ಮೊಣಕೈ. ನಾನು ಬೇಡಿದ್ದೇ ಸಿಕ್ಕಿದೆ.

ಈ ಮಳೆಗಾಲಕ್ಕೆ ಅವಳು ಮತ್ತೆ ಎಂಟು ಜನರನ್ನು ಸೇರಿಸಿದಳು. ದೋಣಿಯವನೊಂದಿಗೆ ಎಲ್ಲವನ್ನೂ ತಾನೇ ಬರೆದು ಮಾತಾಡಿಕೊಂಡಿದ್ದಾಳೆ. ಆ ಎಂಟರಲ್ಲಿ ನಾನಿಲ್ಲ. ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ.

ನಿನ್ನೆ ಸಂಜೆ ಚೀಲ ತುಂಬುತ್ತಿದ್ದವಳು ನಿಲ್ಲಿಸಿ, ಪೊರಕೆಯನ್ನು ಹುಟ್ಟಿನ ಹಾಗೆ ಹಿಡಿದು ಸ್ಟೂಲಿನ ಮೇಲೆ ಕೂತು ನನ್ನ ಬೆನ್ನು ತಟ್ಟಿದಳು. ಚಿಕ್ಕ ದೋಣಿಯ ಆ ಹುಡುಗನ ಸನ್ನೆಗಳನ್ನು ತೋರಿಸು ಎಂದಳು. ನಾನು ಬಾಗಿಲ ಬಳಿ ಬಕೆಟ್ ಬೋರಲು ಹಾಕಿ ಕೂತೆ. ಮುಷ್ಟಿ ಎತ್ತಿದೆ, ಅವಳ ಪೊರಕೆ ನಿಂತಿತು. ಕೈ ಮುಂದಕ್ಕೆ ತಳ್ಳಿದೆ, ಪೊರಕೆ ಆಡಿತು. ಎಲ್ಲಿ ನೀರು ತಿರುಗುತ್ತದೆ, ಎಲ್ಲಿ ಬಂಡೆ ಕಾಣದೆ ಬರುತ್ತದೆ, ಎಲ್ಲಿ ನಾನು ಹೆದರಿದೆ, ಒಂದನ್ನೂ ಬಿಡದೆ ಹೇಳಿದೆ. ಅವಳ ಕಣ್ಣು ನನ್ನ ಕೈ ಮೇಲೇ ಇತ್ತು. ಅಷ್ಟು ಹೊತ್ತು ಅವಳು ನನ್ನನ್ನು ನೋಡಿ ಒಂದು ವರ್ಷವಾಗಿತ್ತು.

ಮುಗಿದ ಮೇಲೆ ಪೊರಕೆಯನ್ನು ಮೂಲೆಗಿಟ್ಟು, ಮೊಳೆಯಿಂದ ಹಳದಿ ಚೀಲ ತೆಗೆದು ಧೂಳು ಕೊಡವಿದಳು. ಅದರ ಜಿಪ್ ಬಿಗಿಯಾಗಿತ್ತು. ಎರಡು ಸಲ ಎಳೆದಳು, ಬರಲಿಲ್ಲ. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಮೇಣದಬತ್ತಿಯ ತುಂಡು ಹುಡುಕಿ ತಂದು, ಜಿಪ್ಪಿನ ಹಲ್ಲುಗಳಿಗೆ ತಾನೇ ಉಜ್ಜುತ್ತಾ ಕೂತಳು.