ತಾಟು ಖಾಲಿ, ಗ್ಯಾಸೂ ಖಾಲಿ

ನಮ್ಮ ಮೈಸೂರಿನಲ್ಲಿ ಪಾಠ ಹಿಡಿಸದಿದ್ದರೆ ವಿದ್ಯಾರ್ಥಿಗಳು ಮರ್ಯಾದೆಯಿಂದ ನಿದ್ದೆ ಮಾಡುತ್ತಾರೆ. ಕುಂದಗೋಳದ ಹೊರಗಿನ ಈ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಮೊದಲ ತರಗತಿ ಮುಗಿಯುತ್ತಿದ್ದಂತೆ ಹಿಂದಿನ ಬೆಂಚಿನಿಂದ ಶಿವಲೀಲಾ ಎಂಬ ಹುಡುಗಿ ಎದ್ದು ನಿಂತಳು. "ಅಗದಿ ಛಲೋ ಹೇಳಿದ್ರಿ ಮೇಡಮ್ಮರ. ಆದ್ರ ಇದನ್ನ ತಗೊಂಡು ನಾವು ಏನ್ ಮಾಡೂಣ್ರಿ?" ಎಂದಳು. ಕೊಂಕು ಇರಲಿಲ್ಲ. ಅವಳಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು. ನಾನು ಗಡಿಯಾರ ನೋಡಿಕೊಂಡು ಹೊರಗೆ ಬಂದೆ.

ನಾನು ಕಲಿಸುವ ವಿಷಯ ಸುಸ್ಥಿರ ಅಭಿವೃದ್ಧಿ. ಮುಂದಿನವರಿಗೂ ಉಳಿಯುವ ಹಾಗೆ ಕಟ್ಟುವುದು, ಉಣ್ಣುವುದು, ಉರಿಸುವುದು. ಸಿವಿಲ್‌ನವರಿಗೂ ಮೆಕ್ಯಾನಿಕಲ್‌ನವರಿಗೂ ಇದು ಎಲೆಯ ತುದಿಯ ಉಪ್ಪಿನಕಾಯಿ. ಪ್ರಾಂಶುಪಾಲರು ಅದನ್ನು ಮುಚ್ಚಿಡಲೂ ಇಲ್ಲ. "ನೋಡ್ರಿ ಮೇಡಮ್, ಸೆಮಿಸ್ಟರ್ ಕಡಿಗೆ ಆಡಳಿತ ಮಂಡಳಿಯವರು ಬರ್ತಾರ. ಏನರ ಕಣ್ಣಿಗೆ ಕಾಣೂ ಹಂಗ ಮಾಡಿ ತೋರಸ್ರಿ. ಇಲ್ಲಾಂದ್ರ ಈ ವಿಷಯ ಬಂದ್. ನಿಮ್ಮನ್ನ ನಮ್ಮ ಮೈಸೂರು ಕಾಲೇಜಿಗೆ ಕಳಸ್ತಾರ" ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಏನೂ ತೋರಿಸ್ಬೇಡ, ಸುಮ್ನಿದ್ದು ಬಿಡು" ಎಂದರು ಅಮ್ಮ.

ಹಿಂತಿರುಗುವ ಆಸೆ ನನಗೂ ಇತ್ತು. ಒಳ್ಳೆಯ ಕಾಫಿಪುಡಿ ಬೇಕೆಂದರೆ ಹುಬ್ಬಳ್ಳಿಯ ಬಸ್ಸು ಹಿಡಿಯಬೇಕು. ಸಂಜೆಯ ಹೊತ್ತು ಮಾತಿಗೆ ಯಾರೂ ಇಲ್ಲ. ಮೈಸೂರಿನಲ್ಲಿ ಪಕ್ಕದ ಮನೆಯವರು ಬೆಲ್ ಒತ್ತಿ, ಹೊಸ್ತಿಲಾಚೆ ನಿಂತು, "ಬಿಜಿನಾ?" ಎನ್ನುತ್ತಾರೆ. ಇಲ್ಲಿ ಬಾಜೂ ಮನೆಯ ಗಂಗವ್ವ ನೆಟ್ಟಗೆ ಅಡುಗೆಮನೆಗೆ ನುಗ್ಗಿ, ನನ್ನ ಪಾತ್ರೆಯ ಮುಚ್ಚಳ ತೆಗೆದು, "ಬರೇ ಅನ್ನ ಉಂಡು ಹೆಂಗ ಬದುಕ್ತೀಯವ್ವಾ?" ಎಂದು ಮರುಗಿ, ಎರಡು ಜೋಳದ ರೊಟ್ಟಿ ಇಟ್ಟು ಹೋಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅವರು ಬಾರದ ಸಂಜೆ ಅಳು ಬರುತ್ತಿತ್ತು.

ಸುಮ್ಮನಿರಲು ಮಾತ್ರ ನನ್ನಿಂದ ಆಗಲಿಲ್ಲ. ಎರಡು ಕೆಲಸ ಒಟ್ಟಿಗೆ ಹಚ್ಚಿಕೊಂಡೆ. ಒಂದು, ಹಾಸ್ಟೆಲಿನಲ್ಲಿ 'ತಾಟು ಖಾಲಿ' ಚಳವಳಿ. ತಾಟು ಅಂದರೆ ನಮ್ಮ ತಟ್ಟೆ. ಹಾಕಿಸಿಕೊಂಡಿದ್ದನ್ನು ಒಂದಗುಳೂ ಬಿಡಬಾರದು. ಇನ್ನೊಂದು, ಹಾಸ್ಟೆಲಿನ ಮುಸುರೆಯಿಂದ ನಡೆಯುವ ಗೋಬರ್ ಗ್ಯಾಸ್. ಶಿವಲೀಲಾಳೇ ಮುಂದೆ ನಿಂತು ಡ್ರಮ್ಮು, ಪೈಪು ಜೋಡಿಸಿದಳು. ಮೊದಲಿಗೆ ಸಗಣಿ ತುಂಬಿ, ಆಮೇಲೆ ದಿನಾ ಉಳಿದ ಅನ್ನ ಸಾರು ಹಾಕುತ್ತ ಹೋದೆವು. ಒಲೆ ಹತ್ತಿತು. ಹುಡುಗರು ಸಿಳ್ಳೆ ಹೊಡೆದರು.

ಎರಡೂ ಯೋಜನೆ ಗೆದ್ದವು. ಒಂದು ಗೆದ್ದರೆ ಇನ್ನೊಂದು ಸಾಯುತ್ತದೆ ಎಂಬುದು ಇಡೀ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹುಡುಗರು ತಟ್ಟೆ ನೆಕ್ಕಿ ಏಳತೊಡಗಿದರು, ಮುಸುರೆಯ ಬಕೆಟ್ಟು ಒಣಗಿತು. ಮಂಡಳಿಯವರು ಬರಲು ಇನ್ನೇನು ಹದಿನೈದು ದಿನ ಇದೆ ಎನ್ನುವಾಗ ಒಲೆ ಪುಸ್ ಎಂದು ಆರಿತು.

"ತಾಟು ಖಾಲಿ, ಗ್ಯಾಸೂ ಖಾಲಿ ಮೇಡಮ್ಮರ" ಎಂದಳು ಶಿವಲೀಲಾ.

"ಸ್ವಲ್ಪ ದಿನ ಊಟ ಬಿಡೋಕೆ ಹೇಳೋಣ್ವಾ?" ಎಂದುಬಿಟ್ಟೆ.

"ಅನ್ನಾ ಚೆಲ್ಲೂದು ಕಲಸ್ತೀರೇನ್ರಿ ಈಗ?" ಎಂದು ದುರುಗುಟ್ಟಿದಳು. "ನಮ್ಮೂರಿಗೆ ಹೋಗೂಣು ಬರ್ರಿ. ನಾಕು ಮನ್ಯಾಗ ಮುಸುರಿ ಕೇಳೂಣು."

ಭಾನುವಾರ ಇಬ್ಬರೂ ಬಕೆಟ್ ಹಿಡಿದು ರೈಲಿನಲ್ಲಿ ಗುಡಗೇರಿಗೆ ಹೋದೆವು. ಮೊದಲ ಮನೆ ಅವಳದೇ. ಅವಳ ತಾಯಿ ಚೆನ್ನವ್ವ ನನ್ನನ್ನೂ ಬಕೆಟ್ಟನ್ನೂ ನೋಡಿದರು. "ಅಯ್ಯ ಅಕ್ಕಾರ, ಉಂಡಿಲ್ಲಂದ್ರ ಮುಸುರಿ ಎಲ್ಲಿಂದ ಬರತೈತ್ರಿ? ಮೊದ್ಲ ಕೈಕಾಲ್ ತೊಕ್ಕೊಂಡು ಕುಂದರ್ರಿ." ಇಲ್ಲಿ ಟೀಚರಮ್ಮನಿಗೆ ಅಕ್ಕಾರು ಅನ್ನುತ್ತಾರೆ.

ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಬಂತು. ಮೈಸೂರಿನಲ್ಲಿ ತಟ್ಟೆ ಖಾಲಿಯಾದರೆ ಊಟ ಮುಗಿಯಿತು ಎಂದರ್ಥ. ಇಲ್ಲಿ ತಾಟು ಖಾಲಿಯಾದರೆ ಬಡಿಸುವವರಿಗೆ ಅವಮಾನ. ನಾನು ತಿಂದು ಮುಗಿಸಿದಂತೆಲ್ಲ ಇನ್ನೊಂದು ರೊಟ್ಟಿ ಬಂದು ಬೀಳುತ್ತಿತ್ತು. ಬಿಡೋಣವೆಂದರೆ ಚಳವಳಿ ನನ್ನದೇ. ಬೆವರುತ್ತ ತಿಂದೆ. "ಬಿಡ್ರಿ ಮೇಡಮ್ಮರ, ಬಕೀಟಿಗರ ಆಗತೈತಿ" ಎಂದು ಶಿವಲೀಲಾ ಪಿಸುಗುಟ್ಟಿದಳು. ಕೊನೆಗೆ ಸೋತು ಅರ್ಧ ರೊಟ್ಟಿ ಉಳಿಸಿದೆ. ಬಕೆಟ್ ಮುಂದೆ ಮಾಡುವಷ್ಟರಲ್ಲಿ ಚೆನ್ನವ್ವ ಅದನ್ನು ಎಮ್ಮೆಗೆ ಹಾಕಿ ಬಂದರು.

"ಎಮ್ಮಿ ಬಾಯಾಗಿಂದು ಕಸಗೊಂಡು ಒಲಿಗೆ ಹಾಕಬ್ಯಾಡ್ರಿ. ಹೆಂಡಿ ಬೇಕಾದ್ರ ಒಯ್ರಿ" ಎಂದರು. ಹೆಂಡಿ ಅಂದರೆ ಸಗಣಿ. ಮುಂದಿನ ಮನೆಗಳಲ್ಲೂ ಇದೇ ಕಥೆ. ಮೊದಲು ಊಟ, ಆಮೇಲೆ ಹೆಂಡಿ. ವಾಪಸು ಬರುವಾಗ ರೈಲಿನಲ್ಲಿ ನಮಗಿಬ್ಬರಿಗೆ ಇಡೀ ಸೀಟು ಸಿಕ್ಕಿತು.

ಹೀಗೆ ಮತ್ತೆ ಮತ್ತೆ ಹೋಗಿ ಹೊತ್ತು ತಂದೆವು. ಮಂಡಳಿಯವರು ಬಂದ ದಿನ ಶಿವಲೀಲಾ ಕಡ್ಡಿ ಗೀರಿದಳು. ಆರಿತು. ಇನ್ನೊಂದು ಗೀರಿದಳು. ಅದೂ ಆರಿತು. ಹತ್ತದಿದ್ದರೆ ನನಗೆ ಮೈಸೂರು, ಅಮ್ಮನ ಕೈಯಡುಗೆ, ಮನೆಯೆದುರೇ ಕಾಫಿಪುಡಿ ಅಂಗಡಿ. ಇದೆಲ್ಲ ಚೆನ್ನಾಗಿ ಗೊತ್ತಿದ್ದೂ ನಾನು ಮುಷ್ಟಿ ಬಿಗಿಹಿಡಿದು, "ಹತ್ತ ಲೇ, ಹತ್ತ!" ಎನ್ನುತ್ತಿದ್ದೆ. ಪಕ್ಕದಲ್ಲಿದ್ದ ಪ್ರಾಂಶುಪಾಲರು ತಿರುಗಿ ನೋಡಿದರು. ಅಷ್ಟರಲ್ಲಿ ನೀಲಿ ಉರಿ ಎದ್ದಿತು.

ಆ ಒಲೆಯ ಮೇಲೇ ಚಹಾ ಆಯಿತು. ಅಧ್ಯಕ್ಷರು ಅರ್ಧ ಕುಡಿದು, ಗ್ಯಾಸ್ ಯಾವುದರಿಂದ ಬಂತೆಂದು ಕೇಳಿದರು. "ನಮ್ಮ ಎಮ್ಮೀದ್ರಿ" ಎಂದಳು ಶಿವಲೀಲಾ. ಅವರು ಕಪ್ಪನ್ನು ನೋಡಿದರು, ಅವಳನ್ನು ನೋಡಿದರು, ಉಳಿದದ್ದನ್ನೂ ಕುಡಿದರು. ವಿಷಯ ಮುಂದುವರಿಯಲಿ ಎಂದರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಸ್ಟಾಫ್ ರೂಮಿಗೆ ಬಂದು ಕುಳಿತಾಗ ಅಷ್ಟೇ ದುಃಖವೂ ಆಯಿತು. ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ನನ್ನ ಕೋಣೆಗೆ ಹೊಸ ಪರದೆ ಹಾಕಿಸಿದ್ದರಂತೆ.

"ಹಾಗಾದ್ರೆ ನೀನು ಬರಲ್ವಾ?"

"ಇಲ್ಲಮ್ಮ, ಗ್ಯಾಸ್ ಹತ್ಕೊಂಡ್ಬಿಡ್ತು."

ಅಮ್ಮ ನಗಲಿ ಎಂದೇ ಹಾಗೆ ಹೇಳಿದ್ದು. ಇಬ್ಬರೂ ನಗಲಿಲ್ಲ.